ಪೇಪರ್ ಕಷ್ಟ ಇತ್ತಾ, ಸುಲಭ ಇತ್ತಾ? ನೀಟ್ ಅಂಕಗಳನ್ನ ಓದೋದು ಹೇಗೆ, ಪರೀಕ್ಷೆ ಬರೆಯೋದು ಹೇಗೆ



ಇವತ್ತಿನ ವಿಷಯ ನೀಟ್. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಬಿ.ಕಾಂ. ಓದಿದವನು. ಹತ್ತನೇ ಕ್ಲಾಸ್ ಮುಗಿದ ದಿನ ಫಿಸಿಕ್ಸ್‌ಗೆ ಕೈಮುಗಿದು ಬಂದವನು. ಹಾಗಾಗಿ ಈ ಸಂಚಿಕೆಯಲ್ಲಿ ನಾನು ನಿಮಗೆ ತಿರುಗು ಚಲನೆ, ಕಪ್ಪೆಯ ಹೃದಯ ಏನೂ ಹೇಳಿಕೊಡಲ್ಲ. ಆದ್ರೆ ಕಾಮರ್ಸ್ ಓದಿದವರಿಗೆ ಒಂದು ಅಭ್ಯಾಸ ಇರುತ್ತೆ. ಯಾರಾದ್ರೂ ಒಂದು ಸಂಖ್ಯೆ ಹೇಳಿದ್ರೆ, 'ಇದನ್ನ ಯಾವುದರ ಜೊತೆ ಹೋಲಿಸಬೇಕು?' ಅಂತ ಕೇಳ್ತೀವಿ. ನೀಟ್ ಬರೆಯೋ ಮಕ್ಕಳು, ಅವರ ಅಪ್ಪ ಅಮ್ಮ ಕೇಳದೆ ಬಿಡೋ ಪ್ರಶ್ನೆ ಇದೇ. ನಮ್ಮ ಮನೇಲಿ ಈ ಒಂದು ಪ್ರಶ್ನೆ ಕೇಳದೆ ಇದ್ದಿದ್ದಕ್ಕೆ ಒಂದು ಸೀಟು ಕೈತಪ್ಪೋದರಲ್ಲಿತ್ತು.

ಪುಟ್ಟಿಯ ಫೋನ್

ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಅವರ ಮಗಳನ್ನ ನಾವೆಲ್ಲ ಪುಟ್ಟಿ ಅಂತ ಕರೀತೀವಿ. 2024ರಲ್ಲಿ ಅವಳು ಮೊದಲ ಸಲ ನೀಟ್ ಬರೆದಳು. 720ಕ್ಕೆ 604 ಬಂತು. ಚಿಕ್ಕಪ್ಪ ಬೀದಿಗೆಲ್ಲ ಸಿಹಿ ಹಂಚಿದ್ರು. ಹಂಚದೇ ಇರ್ತಾರಾ? ಅದರ ಹಿಂದಿನ ವರ್ಷಗಳಲ್ಲಿ 600 ಅಂದ್ರೆ ಸರ್ಕಾರಿ ಕಾಲೇಜು ಗ್ಯಾರಂಟಿ ಅಂತಾನೇ ಎಲ್ಲರೂ ಮಾತಾಡ್ತಿದ್ರು. ಆದ್ರೆ ರ್‍ಯಾಂಕ್ ನೋಡಿದ್ರೆ 75 ಸಾವಿರದ ಮೇಲೆ. ಸರ್ಕಾರಿ ಸೀಟು ಸಿಗಲಿಲ್ಲ. ಒಂದು ವರ್ಷ ಮನೇಲೇ ಕೂತು ಓದಿದಳು.

2025ರ ಮೇ 4, ಭಾನುವಾರ. ಸಂಜೆ ಐದೂವರೆಗೆ ಫೋನ್ ಬಂತು. 'ಅಣ್ಣ, ಈ ಸಲನೂ ಹೋಯ್ತು. ಫಿಸಿಕ್ಸ್‌ನಲ್ಲಿ ಅರ್ಧ ಪ್ರಶ್ನೆ ಮುಟ್ಟೋಕೇ ಆಗಲಿಲ್ಲ.' ಆಮೇಲೆ ಕೀ ಉತ್ತರ ಬಂದಾಗ ಲೆಕ್ಕ ಹಾಕಿದಳು. 533. ಹೋದ ವರ್ಷಕ್ಕಿಂತ 71 ಕಮ್ಮಿ. ಚಿಕ್ಕಪ್ಪ ಮಾತು ಬಿಟ್ಟರು. ಒಂದು ವರ್ಷ ದಂಡ ಅನ್ನೋ ತೀರ್ಮಾನಕ್ಕೆ ಮನೆಯವರೆಲ್ಲ ಬಂದಾಗಿತ್ತು. ಕೆಇಎ ಪೋರ್ಟಲ್‌ನಲ್ಲಿ ನೀಟ್ ವಿವರ ತುಂಬೋದೇ ಬೇಡ, ಬಿ.ಎಸ್‌ಸಿ.ಗೆ ಅರ್ಜಿ ಹಾಕೋಣ ಅಂತ ಅವಳು ಕೂತಿದ್ದಳು.

ಜೂನ್ 14ಕ್ಕೆ ರಿಸಲ್ಟ್ ಬಂತು. ಅಂಕ 533. ರ್‍ಯಾಂಕ್ 22 ಸಾವಿರದ ಆಸುಪಾಸು.

ಇನ್ನೊಂದ್ಸಲ ನೋಡಿ. ಅಂಕ 71 ಇಳೀತು. ರ್‍ಯಾಂಕ್ 50 ಸಾವಿರಕ್ಕಿಂತ ಹೆಚ್ಚು ಮೇಲೆ ಬಂತು. ಅದೇ ಹುಡುಗಿ, ಅದೇ ಪರೀಕ್ಷೆ. ಇದು ಹೇಗೆ ಸಾಧ್ಯ ಅನ್ನೋದೇ ಇವತ್ತಿನ ಕಥೆ.

ಎರಡು ವರ್ಷ, ಎರಡು ಪೇಪರ್

2024ರ ಪೇಪರ್ ಸುಲಭವಾಗಿತ್ತು. ಅದಕ್ಕೆ ಕೆಲವು ಕಾರಣ ಇದೆ. ಒಂದು, 2023ರ ಅಕ್ಟೋಬರ್‌ನಲ್ಲಿ ಸಿಲೆಬಸ್ ಕಡಿಮೆ ಮಾಡಿದ್ರು. ಓದೋದು ಕಮ್ಮಿ, ಅದನ್ನೇ ತಿರುಗಿಸಿ ತಿರುಗಿಸಿ ಓದೋಕೆ ಟೈಮ್ ಜಾಸ್ತಿ. ಎರಡು, ಆಗ ಪೇಪರ್‌ನಲ್ಲಿ ಚಾಯ್ಸ್ ಇತ್ತು. 200 ಪ್ರಶ್ನೆ ಕೊಟ್ಟು 180 ಬರೆಯಿರಿ ಅಂತಿದ್ರು, 200 ನಿಮಿಷ ಟೈಮ್. ಮೂರು, ಬರೆದವರ ಸಂಖ್ಯೆಯೂ ಏರಿತು. 2023ರಲ್ಲಿ 20 ಲಕ್ಷ ಚಿಲ್ಲರೆ ಇದ್ದದ್ದು 2024ರಲ್ಲಿ 23 ಲಕ್ಷ ದಾಟಿತು.

ಫಲಿತಾಂಶ ಬಂದಾಗ ದೇಶಕ್ಕೇ ತಲೆ ಕೆಟ್ಟುಹೋಯ್ತು. 720ಕ್ಕೆ 720 ತೆಗೆದವರು ಮೊದಲಿಗೆ 67 ಜನ. ಆಮೇಲೆ ಗ್ರೇಸ್ ಮಾರ್ಕ್ಸ್ ವಾಪಸ್ ತಗೊಂಡಾಗ 61 ಆಯ್ತು. ಕೊನೆಗೆ ಫಿಸಿಕ್ಸ್‌ನ ಒಂದು ಪ್ರಶ್ನೆಗೆ ಎರಡು ಉತ್ತರ ಸರಿ ಅಂತ ಕೊಟ್ಟಿದ್ದು ತಪ್ಪು ಅಂತ ಐಐಟಿ ದೆಹಲಿಯ ತಜ್ಞರು ಹೇಳಿ, ಸುಪ್ರೀಂ ಕೋರ್ಟ್ ಒಪ್ಪಿದ ಮೇಲೆ 17ಕ್ಕೆ ಇಳೀತು. ಬರೀ ಒಂದು ಪ್ರಶ್ನೆಗೆ 44 ಜನ ಮೊದಲ ಸ್ಥಾನದಿಂದ ಕೆಳಗಿಳಿದರು. ಪೇಪರ್ ಸೋರಿಕೆಯ ಗಲಾಟೆ ಬೇರೆ ಇತ್ತು, ಅದು ಇನ್ನೊಂದು ಸಂಚಿಕೆಯಷ್ಟು ದೊಡ್ಡ ಕಥೆ. ಇವತ್ತು ಅದನ್ನ ಪಕ್ಕಕ್ಕಿಡೋಣ.

ನಮಗೆ ಬೇಕಾದ ಸಂಖ್ಯೆ ಇದು: 2024ರಲ್ಲಿ 600ಕ್ಕಿಂತ ಹೆಚ್ಚು ತೆಗೆದವರು ಸುಮಾರು 80 ಸಾವಿರ. 650ಕ್ಕಿಂತ ಹೆಚ್ಚು ತೆಗೆದವರೇ ಸುಮಾರು 30 ಸಾವಿರ.

ಈಗ 2025ಕ್ಕೆ ಬನ್ನಿ. ಚಾಯ್ಸ್ ತೆಗೆದುಹಾಕಿದ್ರು. 180 ಪ್ರಶ್ನೆ, 180 ನಿಮಿಷ, ಎಲ್ಲವೂ ಕಡ್ಡಾಯ. ಮೊದಲು ಏನಿತ್ತು? ಫಿಸಿಕ್ಸ್‌ನಲ್ಲಿ ಬಿ ವಿಭಾಗದ 15ರಲ್ಲಿ ಕಷ್ಟವಾದ 5 ಪ್ರಶ್ನೆ ಆರಾಮಾಗಿ ಬಿಡಬಹುದಿತ್ತು. ಆ ಸೌಲಭ್ಯ ಹೋಯ್ತು. ಅದರ ಮೇಲೆ ಫಿಸಿಕ್ಸ್ ಪ್ರಶ್ನೆಗಳು ಉದ್ದುದ್ದ, ಲೆಕ್ಕ ಜಾಸ್ತಿ. ಆ ವರ್ಷ ದೇಶಕ್ಕೇ ಮೊದಲು ಬಂದವರ ಅಂಕ 686. 650ಕ್ಕಿಂತ ಹೆಚ್ಚು ತೆಗೆದವರು 73 ಜನ. ಹೌದು, ಎಪ್ಪತ್ಮೂರೇ ಜನ, ಸಾವಿರ ಅಲ್ಲ. 600ರ ಮೇಲಿದ್ದವರು ಎಲ್ಲ ಸೇರಿ ಸುಮಾರು 1,300.

80 ಸಾವಿರ ಎಲ್ಲಿ, 1,300 ಎಲ್ಲಿ! ಒಂದೇ ವರ್ಷದಲ್ಲಿ ದೇಶದ ಮಕ್ಕಳೆಲ್ಲ ದಡ್ಡರಾದ್ರಾ? ಇಲ್ಲ. ಅಳತೆ ಪಟ್ಟಿ ಬದಲಾಯ್ತು, ಅಷ್ಟೇ. 2024ರ 604ನ್ನ 2025ರ 533 ಜೊತೆ ಹೋಲಿಸೋದು ಅಂದ್ರೆ, ಅಜ್ಜಿ ಕಾಲದ ನೂರು ರೂಪಾಯಿ ಸಂಬಳವನ್ನ ಇವತ್ತಿನ ನೂರು ರೂಪಾಯಿ ಜೊತೆ ಹೋಲಿಸಿದ ಹಾಗೆ. ನೋಟಿನ ಮೇಲಿರೋ ಸಂಖ್ಯೆ ಒಂದೇ, ಅದರಿಂದ ಸಿಗೋ ಸಾಮಾನು ಬೇರೆ. ನೀಟ್‌ನಲ್ಲಿ ಸಾಮಾನು ಅಂದ್ರೆ ಸೀಟು. ಸೀಟು ಕೊಡೋದು ಅಂಕ ಅಲ್ಲ, ರ್‍ಯಾಂಕ್.

ಕಟ್ಆಫ್ ಅನ್ನೋ ಥರ್ಮಾಮೀಟರ್

ಪೇಪರ್ ಕಷ್ಟ ಇತ್ತೋ ಸುಲಭ ಇತ್ತೋ ಅಂತ ತಿಳಿಯೋಕೆ ಕೋಚಿಂಗ್‌ನವರ ವಿಡಿಯೋ ಬೇಡ. ರಿಸಲ್ಟ್ ಜೊತೆಗೇ ಒಂದು ಥರ್ಮಾಮೀಟರ್ ಬರುತ್ತೆ. ಅದು ಅರ್ಹತಾ ಅಂಕ, ನಾವು ಕಟ್ಆಫ್ ಅಂತೀವಲ್ಲ, ಅದು.

ಸಾಮಾನ್ಯ ವರ್ಗಕ್ಕೆ ಇದು 50ನೇ ಪರ್ಸೆಂಟೈಲ್. ಪರ್ಸೆಂಟೈಲ್ ಅಂದ್ರೆ ಪರ್ಸೆಂಟ್ ಅಲ್ಲ, ಇಲ್ಲಿ ತುಂಬಾ ಜನ ಎಡವ್ತಾರೆ. 50ನೇ ಪರ್ಸೆಂಟೈಲ್ ಅಂದ್ರೆ 720ರಲ್ಲಿ ಅರ್ಧ, 360 ತೆಗೀಬೇಕು ಅಂತಲ್ಲ. ಬರೆದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ, ಸರಿಯಾಗಿ ನಡುವೆ ನಿಂತವರು ತೆಗೆದ ಅಂಕ. ಎಸ್‌ಸಿ, ಎಸ್‌ಟಿ, ಒಬಿಸಿ ವರ್ಗಗಳಿಗೆ ಇದೇ 40ನೇ ಪರ್ಸೆಂಟೈಲ್.

ಸಾಮಾನ್ಯ ವರ್ಗದ ಆ ನಡುವಿನ ಅಂಕ ವರ್ಷ ವರ್ಷಕ್ಕೆ ಹೀಗಿದೆ:

2020: 147
2021: 138
2022: 117
2023: 137
2024: 162
2025: 144

2022ರಲ್ಲಿ 720ಕ್ಕೆ 117 ತೆಗೆದ್ರೂ ನೀವು ಅರ್ಧ ದೇಶಕ್ಕಿಂತ ಮುಂದೆ! ಇದನ್ನ ಕೇಳಿದಾಗ ನಾನೇ ಎರಡೆರಡು ಸಲ ನೋಡಿದೆ. ಹಾಗಂತ ಅದರಿಂದ ಸೀಟು ಸಿಗುತ್ತಾ ಅಂದ್ರೆ, ಖಂಡಿತ ಇಲ್ಲ. 2025ರಲ್ಲಿ ಬರೆದವರು 22 ಲಕ್ಷ, ಅರ್ಹರಾದವರು 12 ಲಕ್ಷ ಚಿಲ್ಲರೆ. ದೇಶದಲ್ಲಿರೋ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ, ಅದರಲ್ಲೂ ಖಾಸಗಿ ಸೀಟುಗಳು ಸೇರಿವೆ. 'ನೀಟ್ ಕ್ವಾಲಿಫೈ ಆಯ್ತು' ಅಂದ್ರೆ ಮದುವೆ ಮನೆ ಗೇಟ್ ಒಳಗೆ ಬಂದ್ರಿ ಅಂತ ಅರ್ಥ. ಊಟದ ಪಂಕ್ತಿಯಲ್ಲಿ ಎಲೆ ಸಿಗುತ್ತೋ ಇಲ್ವೋ, ಅದು ಬೇರೆ ವಿಷಯ.

ಈ ಪಟ್ಟಿಯಲ್ಲಿ ಒಂದು ಮಜಾ ಇದೆ. 2022ರ ನಡುವಿನ ಅಂಕ 117, 2025ರದ್ದು 144. ಹಾಗಾದ್ರೆ 2022ರ ಪೇಪರ್ ಇನ್ನೂ ಕಷ್ಟ ಇತ್ತು ಅಂತ ಹೇಳಬಹುದಾ? ಆದ್ರೆ 2022ರಲ್ಲಿ ಮೊದಲು ಬಂದವರ ಅಂಕ 715. 2025ರಲ್ಲಿ 686. ನಡುವಿನವರನ್ನ ಕೇಳಿದ್ರೆ 2022 ಕಷ್ಟ. ಮೇಲಿನವರನ್ನ ಕೇಳಿದ್ರೆ 2025 ಕಷ್ಟ.

ಅಂದ್ರೆ 'ಪೇಪರ್ ಕಷ್ಟ' ಅನ್ನೋದು ಅರ್ಧ ವಾಕ್ಯ. 'ಯಾರಿಗೆ ಕಷ್ಟ?' ಅಂತ ಸೇರಿಸಿದ್ರೆ ಮಾತ್ರ ಪೂರ್ತಿ ಆಗುತ್ತೆ. ಜೊತೆಗೆ ಬರೆಯೋ ಗುಂಪೂ ಬದಲಾಗುತ್ತೆ ಅನ್ನೋದನ್ನ ಮರೀಬೇಡಿ. 2022ರಲ್ಲಿ ಮೊದಲ ಸಲ ಬರೆದವರು ಫಸ್ಟ್ ಪಿಯು ಓದಿದ್ದು ಕೋವಿಡ್ ಕಾಲದಲ್ಲಿ, ಹೆಚ್ಚಿನವರು ಮೊಬೈಲ್ ನೋಡ್ಕೊಂಡು. ಅಂಕ ಇಳಿಯೋಕೆ ಪೇಪರ್ ಒಂದೇ ಕಾರಣ ಆಗಿರಬೇಕಿಲ್ಲ.

ಸುಲಭ ಪೇಪರ್‌ನಲ್ಲಿ ಒಂದು ಆಟ, ಕಷ್ಟದ ಪೇಪರ್‌ನಲ್ಲಿ ಇನ್ನೊಂದು

ಇದೆಲ್ಲ ತಿಳ್ಕೊಂಡು ಏನು ಮಾಡಬೇಕು? ಮುಂದಿನ ಪೇಪರ್ ಹೇಗಿರುತ್ತೆ ಅಂತ ಊಹಿಸೋಕೆ ಹೋಗಬೇಡಿ. 147, 138, 117, 137, 162, 144: ಈ ಸಾಲು ನೋಡಿ ಮುಂದಿನ ಸಂಖ್ಯೆ ಯಾರಾದ್ರೂ ಹೇಳ್ತೀನಿ ಅಂದ್ರೆ ಅವರು ನಿಮಗೆ ಏನೋ ಮಾರ್ತಾ ಇದಾರೆ ಅಂತ ಅರ್ಥ. ಎರಡೂ ಥರದ ಪೇಪರ್‌ಗೆ ತಯಾರಾಗಿ ಹೋಗೋದು ಜಾಣತನ. ಯಾಕಂದ್ರೆ ಎರಡರಲ್ಲೂ ಸೋಲೋ ರೀತಿ ಬೇರೆ.

ಸುಲಭ ಪೇಪರ್‌ನಲ್ಲಿ ಸೋಲೋದು ಗೊತ್ತಿಲ್ಲದ್ದರಿಂದ ಅಲ್ಲ, ಗೊತ್ತಿದ್ದೂ ತಪ್ಪು ಮಾಡೋದರಿಂದ. ಲೆಕ್ಕ ನೋಡಿ. 2024ರಲ್ಲಿ 600ರಿಂದ 650ರ ನಡುವೆ ಸುಮಾರು 50 ಸಾವಿರ ಜನ ಇದ್ರು. 50 ಅಂಕದ ಜಾಗದಲ್ಲಿ 50 ಸಾವಿರ ಜನ. ಅಂದ್ರೆ ಪ್ರತಿ ಒಂದು ಅಂಕಕ್ಕೆ ಸರಾಸರಿ ಸಾವಿರ ಜನ ನಿಂತಿದ್ರು, ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಥರ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಹಾಗಾಗಿ ಗೊತ್ತಿದ್ದ ಒಂದು ಪ್ರಶ್ನೆ ತಪ್ಪು ಮಾಡಿದ್ರೆ ಹೋಗೋದು ನಾಲ್ಕಲ್ಲ, ಐದು. ಆ ಗುಂಪಲ್ಲಿ ಐದು ಅಂಕ ಅಂದ್ರೆ ಸುಮಾರು 5 ಸಾವಿರ ರ್‍ಯಾಂಕ್. 'ತಪ್ಪಾದ ಹೇಳಿಕೆ ಯಾವುದು' ಅಂತ ಕೇಳಿದ್ದನ್ನ 'ಸರಿಯಾದ' ಅಂತ ಓದಿಕೊಂಡ್ರಿ ಅನ್ನೋಣ. ಅಷ್ಟಕ್ಕೆ 5 ಸಾವಿರ ಜನ ನಿಮ್ಮ ಮುಂದೆ ಹೋಗಿ ನಿಲ್ತಾರೆ.

ಕಷ್ಟದ ಪೇಪರ್‌ನಲ್ಲಿ ಸೋಲೋದು ಹಠದಿಂದ. 'ಈ ಚಾಪ್ಟರ್ ನನಗೆ ಚೆನ್ನಾಗಿ ಗೊತ್ತು, ಇದನ್ನ ಬಿಡಲ್ಲ' ಅಂತ ಒಂದೇ ಫಿಸಿಕ್ಸ್ ಲೆಕ್ಕಕ್ಕೆ ಆರು ನಿಮಿಷ ಕೊಟ್ರೆ, ಆಮೇಲೆ ಬರೋ ಆರು ಸುಲಭದ ಪ್ರಶ್ನೆಯ ಟೈಮ್ ಹೋಯ್ತು. ಆರು ನಿಮಿಷ ಕೊಟ್ಟ ಪ್ರಶ್ನೆಗೂ ನಾಲ್ಕೇ ಅಂಕ, ಹತ್ತು ಸೆಕೆಂಡಿನ ಬಯಾಲಜಿ ಪ್ರಶ್ನೆಗೂ ನಾಲ್ಕೇ ಅಂಕ. ಕಷ್ಟಪಟ್ಟಿದ್ದಕ್ಕೆ ಓಎಂಆರ್ ಶೀಟ್ ಬೋನಸ್ ಕೊಡಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 2024ರ ಏಪ್ರಿಲ್ 18, 19ರಂದು ನಡೆದ ಸಿಇಟಿ ನೆನಪಿದೆಯಾ? ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದಿವೆ ಅಂತ ದೊಡ್ಡ ಗಲಾಟೆ ಆಯ್ತು. ಕೊನೆಗೆ ಕೆಇಎ 50 ಪ್ರಶ್ನೆಗಳನ್ನ ಕೈಬಿಟ್ಟಿತು: ಫಿಸಿಕ್ಸ್‌ನಲ್ಲಿ 9, ಕೆಮಿಸ್ಟ್ರಿಯಲ್ಲಿ 15, ಗಣಿತದಲ್ಲಿ 15, ಬಯಾಲಜಿಯಲ್ಲಿ 11. ನ್ಯಾಯ ಸಿಕ್ಕಿತು ಅಂತ ಎಲ್ಲರೂ ಅಂದ್ಕೊಂಡ್ರು. ಆದ್ರೆ ಹಾಲ್‌ನಲ್ಲಿ ಆ ಪ್ರಶ್ನೆಗಳ ಮೇಲೆ ಕಳೆದ ನಿಮಿಷಗಳನ್ನ ಯಾರೂ ವಾಪಸ್ ಕೊಡಲಿಲ್ಲ, ಕೊಡೋಕೂ ಆಗಲ್ಲ. 'ಇದು ನನ್ನ ಕೈಲಾಗಲ್ಲ' ಅಂತ ಬೇಗ ಮುಂದೆ ಹೋದವರಿಗೆ ಲಾಭ. 'ಇದು ಹೇಗೆ ಬರಲ್ಲ ನೋಡ್ತೀನಿ' ಅಂತ ಕೂತವರಿಗೆ ನಷ್ಟ.

ಗೆಸ್ ಮಾಡಬೇಕಾ, ಬಿಡಬೇಕಾ?

ಇದು ನನಗೆ ಇಷ್ಟವಾದ ಭಾಗ, ಯಾಕಂದ್ರೆ ಇದು ಪೂರ್ತಿ ಲಾಭ ನಷ್ಟದ ಲೆಕ್ಕ.

ನಾಲ್ಕು ಆಯ್ಕೆ, ಏನೂ ಗೊತ್ತಿಲ್ಲ, ಕಣ್ಣುಮುಚ್ಚಿ ಒಂದು ತುಂಬ್ತೀರಿ ಅಂದ್ಕೊಳ್ಳಿ. ಇಂಥ ನಾಲ್ಕು ಪ್ರಶ್ನೆಗೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದಿದ್ದು 4, ಹೋಗಿದ್ದು 3. ನಿವ್ವಳ ಲಾಭ 1. ಪ್ರಶ್ನೆಗೆ ಕಾಲು ಅಂಕ.

ಒಂದು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾಗಿ ಉಳಿದ ಮೂರರಲ್ಲಿ ಊಹಿಸಿದ್ರೆ, ಪ್ರಶ್ನೆಗೆ ಸರಾಸರಿ ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಎರಡು ಆಯ್ಕೆ ತೆಗೆದು ಎರಡರಲ್ಲಿ ಊಹಿಸಿದ್ರೆ, ಪ್ರಶ್ನೆಗೆ ಒಂದೂವರೆ ಅಂಕ.

ಹಾಗಾದ್ರೆ ಎಲ್ಲ ತುಂಬಿಬಿಡೋಣ ಅಂತೀರಾ? ಸ್ವಲ್ಪ ತಡೀರಿ. ಸರಾಸರಿ ಅನ್ನೋದು ನೂರಾರು ಸಲ ಆಡಿದಾಗ ಸಿಗೋದು, ನೀವು ಆಡೋದು ಒಂದೇ ಸಲ. 30 ಪ್ರಶ್ನೆ ಕುರುಡಾಗಿ ತುಂಬಿದ್ರೆ ಸರಾಸರಿ ಏಳೂವರೆ ಅಂಕ ಬರಬೇಕು. ಆದ್ರೆ ಐದು ಮಾತ್ರ ಸರಿಯಾದ್ರೆ 20 ಬಂದು 25 ಹೋಗುತ್ತೆ, ಮೈನಸ್ 5. ಹತ್ತು ಸರಿಯಾದ್ರೆ ಪ್ಲಸ್ 20. ಎರಡೂ ಆಗೋದು ಅಪರೂಪವೇನಲ್ಲ. ಇನ್ನೊಂದು ಅಪಾಯ ಇದೆ. ಪ್ರಶ್ನೆ ತೆಗೆಯೋರು ದಡ್ಡರಲ್ಲ. ಅರ್ಧಂಬರ್ಧ ಓದಿದವರು ಯಾವ ತಪ್ಪು ಮಾಡ್ತಾರೆ ಅಂತ ಅವರಿಗೆ ಗೊತ್ತು, ಆ ತಪ್ಪು ಉತ್ತರವನ್ನೇ ಆಯ್ಕೆಯಲ್ಲಿ ಇಟ್ಟಿರ್ತಾರೆ. ಹಾಗಾಗಿ 'ಎಲ್ಲೋ ಓದಿದ ಹಾಗಿದೆ' ಅನ್ನೋ ಗೆಸ್ ಕೆಲವೊಮ್ಮೆ ಕಣ್ಣುಮುಚ್ಚಿ ಹಾಕಿದ್ದಕ್ಕಿಂತ ಕೆಟ್ಟದು.

ಪರಿಹಾರ ಸುಲಭ, ನಿಮ್ಮ ಗೆಸ್‌ನ ಲೆಕ್ಕ ಇಡಿ. ಮಾಕ್ ಟೆಸ್ಟ್ ಬರೆಯುವಾಗ ಊಹಿಸಿದ ಪ್ರತಿ ಪ್ರಶ್ನೆಯ ಪಕ್ಕ ಒಂದು ಚುಕ್ಕಿ ಇಡಿ. ಎರಡರಲ್ಲಿ ಒಂದು ಅಂತ ಊಹಿಸಿದ್ದಾದ್ರೆ ಎರಡು ಚುಕ್ಕಿ. ಹತ್ತು ಮಾಕ್ ಆದ ಮೇಲೆ ಎಣಿಸಿ. ಐದು ಗೆಸ್‌ಗೆ ಒಂದು ಸರಿಯಾದ್ರೆ ನಾಲ್ಕು ಬಂತು, ನಾಲ್ಕು ಹೋಯ್ತು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಐದಕ್ಕೆ ಒಂದಕ್ಕಿಂತ ಹೆಚ್ಚು ಸರಿ ಬರ್ತಿದ್ರೆ ಧೈರ್ಯವಾಗಿ ಹಾಕಿ. ಕಮ್ಮಿ ಬರ್ತಿದ್ರೆ ನಿಮ್ಮ ಗೆಸ್ ನಿಮ್ಮ ಜೇಬಿಗೆ ಕತ್ತರಿ ಹಾಕ್ತಿದೆ. ಪುಟ್ಟಿಯ ಲೆಕ್ಕದಲ್ಲಿ ಬಯಾಲಜಿ ಗೆಸ್ ಚೆನ್ನಾಗಿ ಕೂರ್ತಿತ್ತು, ಫಿಸಿಕ್ಸ್ ಗೆಸ್ ಪೂರ್ತಿ ನಷ್ಟ. 2025ರಲ್ಲಿ ಅವಳು ಫಿಸಿಕ್ಸ್‌ನಲ್ಲಿ ಗೊತ್ತಿಲ್ಲದ್ದನ್ನ ಖಾಲಿ ಬಿಟ್ಟು ಬಂದಿದ್ದಳು. ಆ ಖಾಲಿ ಗೋಲಗಳನ್ನ ನೆನೆಸಿಕೊಂಡೇ ಅವತ್ತು ಸಂಜೆ ಅತ್ತಿದ್ದು. ನಿಜ ಹೇಳಬೇಕಂದ್ರೆ ಅವಳ ರ್‍ಯಾಂಕ್ ಉಳಿಸಿದ್ದರಲ್ಲಿ ಆ ಖಾಲಿ ಗೋಲಗಳ ಪಾಲೂ ಇದೆ.

ಸಿಇಟಿ ಬರೆಯೋರಿಗೆ ಒಂದು ಎಚ್ಚರಿಕೆ: ಈ ಲೆಕ್ಕ ಅಲ್ಲಿಗೆ ಅನ್ವಯಿಸಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಮೈನಸ್ ಅಂಕ ಇಲ್ಲ. ಅಲ್ಲಿ ಒಂದು ಗೋಲ ಖಾಲಿ ಬಿಟ್ರೂ ತಪ್ಪು ನಿಮ್ಮದೇ. ಕೊನೆಯ ಎರಡು ನಿಮಿಷ ಬರೀ ಖಾಲಿ ಗೋಲ ತುಂಬೋಕೆ ಇಟ್ಟುಕೊಳ್ಳಿ.

180 ನಿಮಿಷದ ಬಜೆಟ್

ನೀಟ್‌ನಲ್ಲಿ ಬಯಾಲಜಿ 90 ಪ್ರಶ್ನೆ, ಕೆಮಿಸ್ಟ್ರಿ 45, ಫಿಸಿಕ್ಸ್ 45. ಪ್ರಶ್ನೆಗೆ ಒಂದು ನಿಮಿಷ ಅಂತ ಸಮನಾಗಿ ಹಂಚಿದ್ರೆ ಕೆಟ್ಟಿರಿ. ಬಯಾಲಜಿಗೆ 50 ನಿಮಿಷ, ಕೆಮಿಸ್ಟ್ರಿಗೆ 45, ಫಿಸಿಕ್ಸ್‌ಗೆ 60. ಒಟ್ಟು 155. ಉಳಿದ 25 ನಿಮಿಷ ನಿಮ್ಮ ಉಳಿತಾಯ ಖಾತೆ, ಬಿಟ್ಟು ಬಂದ ಪ್ರಶ್ನೆಗಳಿಗೆ ವಾಪಸ್ ಹೋಗೋಕೆ. ಇದು ಪುಟ್ಟಿಯ ಬಜೆಟ್. ನಿಮ್ಮದು ಬೇರೆ ಇರಬಹುದು, ಆದ್ರೆ ಒಂದು ಬಜೆಟ್ ಇರಲಿ.

ಪ್ರತಿ ವಿಷಯದಲ್ಲೂ ಎರಡು ಸುತ್ತು. ಮೊದಲ ಸುತ್ತಲ್ಲಿ ನೋಡಿದ ತಕ್ಷಣ ದಾರಿ ಕಂಡದ್ದು ಮಾತ್ರ. ಅರ್ಧ ನಿಮಿಷದಲ್ಲಿ ಮೊದಲ ಹೆಜ್ಜೆ ಹೊಳೀಲಿಲ್ಲ ಅಂದ್ರೆ ಗುರುತು ಹಾಕಿ ಮುಂದೆ ನಡೀರಿ. ಗೋಲವನ್ನ ಆಗಿಂದಾಗ್ಗೆ ತುಂಬಿ, ಕೊನೆಗೆ ಒಟ್ಟಿಗೆ ತುಂಬ್ತೀನಿ ಅಂತ ಇಟ್ಟುಕೊಂಡು ಒಂದು ಸಾಲು ತಪ್ಪಿ ಎಲ್ಲ ಕೆಡಿಸಿಕೊಂಡವರಿದ್ದಾರೆ. ಬಾಲ್‌ಪೆನ್‌ನಲ್ಲಿ ತುಂಬಿದ್ದನ್ನ ಅಳಿಸೋಕೆ ಆಗಲ್ಲ.

ಬಯಾಲಜಿ ಮೊದಲು ಮಾಡೋಕೆ ಇನ್ನೊಂದು ಕಾರಣವೂ ಇದೆ. ಇಬ್ಬರಿಗೆ ಒಂದೇ ಅಂಕ ಬಂದ್ರೆ ಮೊದಲು ನೋಡೋದು ಬಯಾಲಜಿ ಅಂಕ, ಆಮೇಲೆ ಕೆಮಿಸ್ಟ್ರಿ, ಆಮೇಲೆ ಫಿಸಿಕ್ಸ್. ಒಂದು ಅಂಕಕ್ಕೆ ಸಾವಿರ ಜನ ನಿಂತಿರೋ ವರ್ಷದಲ್ಲಿ ಇದು ಸಣ್ಣ ವಿಷಯ ಅಲ್ಲ.

ಮನೇಲಿ ಅಭ್ಯಾಸ ಹೇಗೆ? ಒಂದು ಭಾನುವಾರ ಮಧ್ಯಾಹ್ನ 2ಕ್ಕೆ ಕೂತು 2024ರ ಪೇಪರ್ ಬರೀರಿ. ಮುಂದಿನ ಭಾನುವಾರ ಅದೇ ಹೊತ್ತಿಗೆ 2025ರದ್ದು. 2024ರದ್ದರಲ್ಲಿ 200 ಪ್ರಶ್ನೆ ಇರುತ್ತೆ, 200 ನಿಮಿಷ ಕೊಟ್ಟುಕೊಳ್ಳಿ. ಎರಡೂ ಮುಗಿದ ಮೇಲೆ ಅಂಕ ಎಣಿಸೋಕೆ ಮುಂಚೆ ತಪ್ಪುಗಳನ್ನ ಮೂರು ಕಾಲಂ ಮಾಡಿ ಬರೀರಿ. ಗೊತ್ತಿರಲಿಲ್ಲ. ಗೊತ್ತಿತ್ತು, ತಪ್ಪು ಮಾಡಿದೆ. ಟೈಮ್ ಸಾಲಲಿಲ್ಲ. 2024ರ ಪೇಪರ್‌ನಲ್ಲಿ ಎರಡನೇ ಕಾಲಂ ಉದ್ದ ಇದ್ರೆ ನಿಮಗೆ ಬೇಕಾಗಿರೋದು ಹೊಸ ಪುಸ್ತಕ ಅಲ್ಲ, ನಿಧಾನವಾಗಿ ಓದೋ ಅಭ್ಯಾಸ. 2025ರದ್ದರಲ್ಲಿ ಮೂರನೇ ಕಾಲಂ ಉದ್ದ ಇದ್ರೆ ಬಿಡೋದನ್ನ ಕಲೀಬೇಕು. ಮೊದಲ ಕಾಲಂ ಉದ್ದ ಇದ್ರೆ ಮಾತ್ರ ವಾಪಸ್ ಎನ್‌ಸಿಇಆರ್‌ಟಿ ಪುಸ್ತಕಕ್ಕೆ.

ಪರೀಕ್ಷೆ ದಿನ ಇನ್ನೊಂದು ನೆನಪಿಡಿ. ಮೊದಲ ಹತ್ತು ಪ್ರಶ್ನೆ ನೋಡಿ 'ಪೇಪರ್ ತುಂಬಾ ಕಷ್ಟ' ಅಂತ ಮನಸ್ಸು ಹೇಳಿದ್ರೆ, ಅದಕ್ಕೆ ಒಂದೇ ಉತ್ತರ: 'ಹಾಗಾದ್ರೆ ಎಲ್ಲರಿಗೂ ಕಷ್ಟ.' ಸಮಾಧಾನಕ್ಕೆ ಹೇಳ್ತಿಲ್ಲ. ನೀಟ್ ಒಂದೇ ದಿನ, ಒಂದೇ ಪಾಳಿಯಲ್ಲಿ, ಎಲ್ಲರಿಗೂ ಅವೇ ಪ್ರಶ್ನೆ. ಪ್ರಶ್ನೆಯ ಕ್ರಮ ಬದಲಾಗಬಹುದು, ಅಷ್ಟೇ. ಜೆಇಇ ಮೇನ್ ಥರ ಬೇರೆ ಬೇರೆ ಪಾಳಿ ಇದ್ರೆ 'ನನ್ನ ಪಾಳಿ ಕಷ್ಟ ಇತ್ತು' ಅನ್ನೋ ಮಾತಿಗೆ ಅರ್ಥ ಇದೆ, ಅದನ್ನ ಸರಿದೂಗಿಸೋಕೇ ಅಲ್ಲಿ ಪರ್ಸೆಂಟೈಲ್ ಸ್ಕೋರ್ ಕೊಡ್ತಾರೆ. ಇಲ್ಲಿ ಅದು ಬೇಕಿಲ್ಲ.

ನೀವು ಕೇಳಿದ ಪ್ರಶ್ನೆಗಳು

'ಕನ್ನಡದಲ್ಲಿ ಬರೀಬಹುದಾ?' ಬರೀಬಹುದು. ನೀಟ್ 13 ಭಾಷೆಗಳಲ್ಲಿ ನಡೆಯುತ್ತೆ, ಕನ್ನಡವೂ ಒಂದು. ಅರ್ಜಿ ಹಾಕುವಾಗಲೇ ಆಯ್ಕೆ ಮಾಡಬೇಕು. ಪ್ರಶ್ನೆಪತ್ರಿಕೆಯಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಕೂಡ ಇರುತ್ತೆ. ಆದ್ರೆ ಅನುವಾದದಲ್ಲಿ ಗೊಂದಲ ಆದ್ರೆ ಇಂಗ್ಲಿಷ್‌ನಲ್ಲಿ ಇರೋದೇ ಅಂತಿಮ. ಹಾಗಾಗಿ ಕನ್ನಡದಲ್ಲಿ ಓದಿದ್ರೂ ಮುಖ್ಯ ಪದಗಳ ಇಂಗ್ಲಿಷ್ ರೂಪ ಗುರುತು ಹಿಡಿಯೋ ಹಾಗಿರಲಿ.

'ಹೋದ ಸಲಕ್ಕಿಂತ ಅಂಕ ಕಮ್ಮಿ ಬಂದಿದೆ, ಇನ್ನೊಂದು ವರ್ಷ ಡ್ರಾಪ್ ತಗೊಳ್ಲಾ?' ಅಂಕ ನೋಡಿ ಈ ತೀರ್ಮಾನ ಮಾಡಬೇಡಿ. ಎರಡು ವರ್ಷದ ರ್‍ಯಾಂಕ್ ಪಕ್ಕಪಕ್ಕ ಬರೀರಿ. ನಿಮ್ಮ ವರ್ಗಕ್ಕೆ, ನಿಮ್ಮ ರಾಜ್ಯದಲ್ಲಿ ಸರ್ಕಾರಿ ಸೀಟು ಹಿಂದಿನ ವರ್ಷ ಯಾವ ರ್‍ಯಾಂಕ್‌ವರೆಗೆ ಹೋಗಿತ್ತು ಅಂತ ಕೆಇಎ ಪಟ್ಟಿಯಲ್ಲಿ ನೋಡಿ. ಅದಕ್ಕೂ ನಿಮಗೂ ಎಷ್ಟು ದೂರ, ಆ ದೂರ ಒಂದು ವರ್ಷದಲ್ಲಿ ಕಮ್ಮಿ ಆಗಿದೆಯಾ ಅನ್ನೋದೇ ಪ್ರಶ್ನೆ.

'ಕೋಚಿಂಗ್‌ನವರು ಹೇಳೋ ಅಂದಾಜು ಕಟ್ಆಫ್ ನಂಬಬಹುದಾ?' ಮೇ 4ರಿಂದ ಜೂನ್ 14ರವರೆಗೆ ಪುಟ್ಟಿ ಅಂಥ ವಿಡಿಯೋ ಎಷ್ಟು ನೋಡಿದಳೋ ಲೆಕ್ಕವಿಲ್ಲ. ಒಂದೊಂದರಲ್ಲಿ ಒಂದೊಂದು ಸಂಖ್ಯೆ. ರಿಸಲ್ಟ್ ಬರೋವರೆಗೆ ಆ ಆ್ಯಪ್‌ಗಳನ್ನ ಮುಚ್ಚಿಡಿ ಅಂತ ಮಾತ್ರ ಹೇಳಬಲ್ಲೆ.

ಕೊನೆಗೆ

ಆ ಜೂನ್‌ನಲ್ಲಿ ಪುಟ್ಟಿ ಪೋರ್ಟಲ್‌ನಲ್ಲಿ ವಿವರ ತುಂಬಿದಳು. ನಾನೇ ಅರಸೀಕೆರೆಗೆ ಹೋಗಿ ಚಿಕ್ಕಪ್ಪನ ಪಕ್ಕ ಕೂತು ಈ ಎರಡು ವರ್ಷದ ಸಂಖ್ಯೆಗಳನ್ನ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವರು ತುಂಬಾ ಹೊತ್ತು ಹಾಳೆ ನೋಡಿ, 'ಅಂದ್ರೆ ಹೋದ ವರ್ಷ ನಾನು ಸಿಹಿ ಹಂಚಿದ್ದು ತಪ್ಪು, ಈ ವರ್ಷ ಹಂಚದೆ ಇದ್ದಿದ್ದೂ ತಪ್ಪು ಅಂತೀಯ' ಅಂದ್ರು. ಹೌದು ಚಿಕ್ಕಪ್ಪ, ಅಷ್ಟೇ ಅಂದೆ.

ಎರಡನೇ ಸುತ್ತಿನಲ್ಲಿ ಅವಳಿಗೆ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ತು. ಆವತ್ತು ಕೋಪದಲ್ಲಿ ಅರ್ಜಿ ತುಂಬದೆ ಇದ್ದಿದ್ರೆ ಅದೇ ಸೀಟು ಅವಳ ಹಿಂದೆ ನಿಂತಿದ್ದ ಇನ್ಯಾರಿಗೋ ಹೋಗ್ತಿತ್ತು. ಅವಳಿಗೆ ಮಾತ್ರ ಅದು ಗೊತ್ತೇ ಆಗ್ತಿರಲಿಲ್ಲ.

ಹಾಗಾಗಿ ನಿಮ್ಮ ಮನೇಲಿ ಈ ಸಲ ಯಾರಾದ್ರೂ ನೀಟ್ ಬರೀತಾ ಇದ್ರೆ, ಪರೀಕ್ಷೆ ಮುಗಿಸಿ ಹೊರಗೆ ಬಂದಾಗ 'ಎಷ್ಟು ಬರುತ್ತೆ?' ಅಂತ ಕೇಳಬೇಡಿ. 'ಊಟ ಮಾಡಿದ್ಯಾ?' ಅಂತ ಕೇಳಿ. ಅಂಕದ ಅರ್ಥ ಏನು ಅಂತ ಆ ದಿನ ಅವರಿಗೂ ಗೊತ್ತಿರಲ್ಲ, ನಿಮಗೂ ಗೊತ್ತಿರಲ್ಲ.

ಈ ಸಂಚಿಕೆ ಪರೀಕ್ಷೆ ಬರೆಯೋ ಯಾರಿಗಾದ್ರೂ ಉಪಯೋಗ ಆಗುತ್ತೆ ಅನ್ಸಿದ್ರೆ ಅವರಿಗೆ ಕಳಿಸಿ. ಅವರ ಅಪ್ಪ ಅಮ್ಮನಿಗೂ ಕಳಿಸಿದ್ರೆ ಇನ್ನೂ ಒಳ್ಳೇದು.